ಪಕ್ಕದ ಎಲೆಗೆ ಹೋಗುವ ದಾರಿ

ಒಂದಾನೊಂದು ಕಾಲದಲ್ಲಿ ಒಂದೂರ ಹೊರಗೆ ಒಂದು ಬೇವಿನ ಮರವಿತ್ತು. ಅದರ ತುದಿಯ ಎಲೆಯ ಮೇಲೆ ಒಂದು ಇರುವೆ ವಾಸವಾಗಿತ್ತು. ಗಾಳಿ ಬೀಸಿದಾಗಲೆಲ್ಲ ಪಕ್ಕದ ಎಲೆ ಬಂದು ಇರುವೆಯ ಎಲೆಯನ್ನು ತಾಗಿ ಹೋಗುತ್ತಿತ್ತು. 'ಎಷ್ಟು ಹತ್ತಿರದ ನೆಂಟ! ಒಂದು ದಿನ ಹೋಗಿ ಮಾತಾಡಿಸಿಕೊಂಡು ಬರಬೇಕು' ಎಂದು ಇರುವೆ ಹೊರಟಿತು. ಜಿಗಿಯೋಣವೆಂದರೆ ರೆಕ್ಕೆಯಿಲ್ಲ. ತೊಟ್ಟು ಇಳಿಯಿತು, ಟಿಸಿಲು ಇಳಿಯಿತು, ಟೊಂಗೆ ಇಳಿಯಿತು, ಕೊನೆಗೆ ಬೊಡ್ಡೆಗೇ ಬಂದು ನಿಂತಿತು. ಪಕ್ಕದ ಎಲೆಗೆ ಅಲ್ಲಿಂದ ಮತ್ತೆ ಅಷ್ಟೇ ದೂರ ಹತ್ತಬೇಕಿತ್ತು.

ಇಳಕಲ್ಲಿನ ಒಂದು ನೇಕಾರರ ಮನೆಯಲ್ಲಿ ಮುದುಕಿಯೊಬ್ಬಳು ಮೊಮ್ಮಗಳಿಗೆ ಈ ಕತೆಯನ್ನು ಇಲ್ಲಿಯವರೆಗೆ ಮಾತ್ರ ಹೇಳಿ, "ಮುಂದಿಂದು ನಾಳಿಗಿ" ಎಂದು ಮಗ್ಗುಲಾಗುತ್ತಿದ್ದಳು. ಮೊಮ್ಮಗಳು ಬೆಳೆದು ಬಾಗಲಕೋಟೆಯ ನೀರು ಪರೀಕ್ಷಾ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕೆ ಸೇರಿದಳು. ಕತೆಯ ಮುಂದಿನ ಭಾಗ ಚಿಕ್ಕಮುರಡಿ ಪೊಲೀಸ್ ಠಾಣೆಯಲ್ಲಿ ಶುರುವಾಯಿತು.

ಜೂನ್ ಹನ್ನೆರಡು, ಕಾರಹುಣ್ಣಿಮೆಯ ಮರುದಿನ. ಬೆಳಿಗ್ಗೆ ಎಂಟಕ್ಕೆ ಪಿಎಸ್‌ಐ ಬೀರಲಿಂಗಪ್ಪ ಠಾಣೆಗೆ ಬರುವ ಹೊತ್ತಿಗೆ ಮೆಟ್ಟಿಲ ಮೇಲೆ ರಾಚಪ್ಪ ಕೂತಿದ್ದ. ಊರಲ್ಲಿ ನಾಲ್ಕು ಜನ ಮಾತು ಕೇಳುವ ರೈತ. ವಿಭೂತಿ ಹಚ್ಚಿದ ಹಣೆ, ನಿದ್ದೆಗೆಟ್ಟ ಕಣ್ಣು.

"ನನ್ನ ಮೊಮ್ಮಗಳು ಐಶ್ವರ್ಯ ಬಾಗಲಕೋಟಿ ದವಾಖಾನ್ಯಾಗ ಅದಾಳ್ರಿ ಸಾಹೇಬ್ರ. ಆರು ವರ್ಷದ ಕೂಸು. ನಿನ್ನಿಯಿಂದ ಒಂದಕ್ಕ ಹೋಗಿಲ್ಲ. ನಮ್ಮ ಓಣ್ಯಾಗ ಇನ್ನೂ ಹತ್ತು ಮಂದಿಗಿ ವಾಂತಿ."

"ಏನ್ ತಿಂದಿದ್ರು?"

"ತಿಂದಿದ್ದಲ್ರಿ, ಕುಡಿದಿದ್ದು. ಟಾಕಿ ನೀರು ಕೆಂಪಗ ಬರಾಕತ್ತೈತಿ."

"ಯಾರ ಮ್ಯಾಲಾದ್ರೂ ಸಂಶಯ?"

ರಾಚಪ್ಪ ಹೆಗಲ ಮೇಲಿನ ಟವೆಲಿನಿಂದ ಬಾಯಿ ಒರೆಸಿಕೊಂಡ. "ಕೆಂಪು ಅಂದ್ರ ಬಣ್ಣ. ಊರಾಗ ನೂಲಿಗಿ ಬಣ್ಣಾ ಕಾಸೂದು ಒಂದ ಮನಿರಿ."

ದೂರು ಬರೆದುಕೊಂಡು, ಸಾರ್ವಜನಿಕ ಕುಡಿಯುವ ನೀರು ಕೆಡಿಸಿದ್ದು ಮತ್ತು ವಿಷಪದಾರ್ಥದ ವಿಷಯದಲ್ಲಿ ನಿರ್ಲಕ್ಷ್ಯ ತೋರಿದ್ದು, ಈ ಎರಡು ಆರೋಪಗಳಡಿ ಎಫ್‌ಐಆರ್ ದಾಖಲಾಯಿತು. ಹೆಡ್ ಕಾನ್‌ಸ್ಟೆಬಲ್ ಹನಮಂತಪ್ಪ ಪಂಚರನ್ನು ಕರೆತಂದ. ಊರಿಗೆ ನಲ್ಲಿ ನೀರು ಬಿಡುವ ಟಾಕಿಯ ನೀರು, ಕಾಯಿಲೆ ಬಿದ್ದ ಮೂರು ಮನೆಗಳ ಕೊಡದ ನೀರು, ರಾಚಪ್ಪ ಹೇಳಿದ ಆ ಒಂದೇ ಮನೆ, ಮೌಲಾಸಾಬನ ಬಣ್ಣದ ಭಟ್ಟಿಯ ಗುಂಡಿಯ ನೀರು ಬಾಟಲಿ ತುಂಬಿ, ಬಾಟಲಿಗಳಿಗೆ ಅರಗಿನ ಮುದ್ರೆ ಬಿತ್ತು. ಹೋಲಿಸಿ ನೋಡಲೆಂದು ಕಮತಗಿ ಮತ್ತು ಇಳಕಲ್ಲಿನ ನಾಲ್ಕು ಬಣ್ಣದ ಮನೆಗಳಿಂದ, ಹೆದ್ದಾರಿ ಬದಿಯ ಕಲ್ಲು ಪಾಲಿಶ್ ಶೆಡ್ಡಿನಿಂದಲೂ ನೀರು ತಂದರು. ಪಂಚನಾಮೆ ಮುಗಿಸಿ ಎಲ್ಲ ಬಾಟಲಿಗಳನ್ನು ಬಾಗಲಕೋಟೆಗೆ ಕಳಿಸಿದ್ದಾಯಿತು. ಟಾಕಿಗೆ ನೀರೆತ್ತುವ ಬೋರಿನ ಪಂಪು ಬಂದ್ ಮಾಡಿಸಿ, ಟ್ಯಾಂಕರ್ ನೀರು ತರಿಸಿದರು.

ಅಷ್ಟರಲ್ಲಿ ಊರು ತನ್ನ ತೀರ್ಪು ಕೊಟ್ಟಾಗಿತ್ತು. ಕಮತಗಿಯ ನೇಕಾರರು ಬಂದು, ಬಣ್ಣಕ್ಕೆಂದು ಕೊಟ್ಟಿದ್ದ ನೂಲಿನ ಲಡಿಗಳನ್ನು ಬಿಳಿದಾಗಿಯೇ ವಾಪಸು ಒಯ್ದರು. ಮೌಲಾಸಾಬನ ತಾಯಿ ಹಜರತಬಿ ಬಂದವರಿಗೆ ವಾಡಿಕೆಯಂತೆ ತಂಬಿಗೆಯಲ್ಲಿ ನೀರು ತಂದಿಟ್ಟಳು. ಒಬ್ಬರೂ ಮುಟ್ಟಲಿಲ್ಲ. ತಂಬಿಗೆ ಸಂಜೆಯವರೆಗೂ ಕಟ್ಟೆಯ ಮೇಲೆ ಹಾಗೇ ಇತ್ತು.

ಜೂನ್ ಹದಿನಾರರಂದು ಬೀರಲಿಂಗಪ್ಪನ ಫೋನಿಗೆ ಪ್ರಯೋಗಾಲಯದಿಂದ ಒಂದು ಚಿತ್ರ ಬಂತು. ಹಳದಿ, ಕೇಸರಿ, ಕಡುಗೆಂಪು ಚೌಕಗಳ ಹಾಸು. ಎಡಬದಿಯಲ್ಲಿ ಒಂದರೊಳಗೊಂದು ಸೇರಿಕೊಂಡ ಗೆರೆಗಳ ಬಲೆ, ಬಲಬದಿಯಲ್ಲಿ ಬಾಟಲಿಗಳ ಹೆಸರು. ಕೆಳಗೆ ಒಂದೇ ಸಾಲು: 'ಸರ್, ಇದರ ಬಗ್ಗೆ ಮಾತಾಡಬೇಕು. ಚೇತನಾ.'

"ಇದೇನ್ರಿ ಸರ, ಇಳಕಲ್ಲ ಸೀರಿ ಸೆರಗಿನಂಗ ಐತಿ," ಎಂದ ಹನಮಂತಪ್ಪ ಹೆಗಲ ಮೇಲಿಂದ ಬಗ್ಗಿ.

ಬೀರಲಿಂಗಪ್ಪ ಬಲಬದಿಯ ಹೆಸರುಗಳನ್ನಷ್ಟೇ ಓದಿದ. ಟಾಕಿ, ಕೊಡ, ಕೊಡ, ಕೊಡ. ಅದರ ಕೆಳಗೇ, ಒತ್ತಿಕೊಂಡೇ, ಮೌಲಾಸಾಬನ ಭಟ್ಟಿ. ಠಾಣೆಯ ಗೇಟಿನ ಹೊರಗೆ ನೂರು ಜನ ನಿಂತಿದ್ದರು. ಹುಡುಗಿಯ ಮೂತ್ರಪಿಂಡ ಕೆಲಸ ನಿಲ್ಲಿಸಿದೆ ಎಂಬ ಸುದ್ದಿ ಅದೇ ಬೆಳಿಗ್ಗೆ ಬಂದಿತ್ತು. ಮಾತಾಡಲು ಅವನು ಕಾಯಲಿಲ್ಲ.

ಮೌಲಾಸಾಬ ಭಟ್ಟಿಯ ಬೂದಿ ಗೋರುತ್ತಿದ್ದ. ಮೂವತ್ತರ ಆಸುಪಾಸಿನವನು. ಮೊಣಕೈವರೆಗೂ ಏರಿದ್ದ ಬಣ್ಣ ಹಬ್ಬಕ್ಕೂ ಇಳಿಯುತ್ತಿರಲಿಲ್ಲ.

"ಭಟ್ಟಿ ನೀರು ಎಲ್ಲಿ ಬಿಡ್ತಿ?"

"ಗುಂಡಿಗ್ರಿ. ಹಾಸುಗಲ್ಲಿನ ಗುಂಡಿ."

"ಸೋರತೈತಿ?"

"ಸೋರೂ ಗುಂಡಿ ಇಟ್ಕೊಂಡು ನಮ್ಮವ್ವಗ ಅದ ನೀರು ಕುಡಸ್ತೇನೇನ್ರಿ? ನಾವೂ ಅದ ಟಾಕಿ ನೀರು ಕುಡಿಯೂದು."

"ಹತ್ತು ಜೀಪ."

ಹಜರತಬಿ ಜೀಪಿನ ಹಿಂದೆ ಊರಬಾಗಿಲ ಅಗಸಿಯವರೆಗೂ ನಡೆದುಬಂದಳು. ಅಳಲಿಲ್ಲ. ಜೀಪು ಎತ್ತಿನ ಗಾಡಿಯೊಂದಕ್ಕೆ ದಾರಿ ಬಿಟ್ಟು ನಿಂತಾಗ ಕಿಟಕಿಯ ಹತ್ತಿರ ಬಂದಳು.

"ಸಾಹೇಬ್ರ, ತಪ್ಪಿಲ್ಲಂತ ಗೊತ್ತಾದ್ರ ಏನ್ ಮಾಡ್ತೀರಿ?"

"ತಪ್ಪಿಲ್ಲಂದ್ರ ನಾನ ತಂದು ಮನಿ ಬಾಗಿಲಿಗಿ ಬಿಡ್ತೇನಬೇ. ಸರಿ ಆಕಡೆ."

"ಜೀಪಿನ್ಯಾಗ ಬ್ಯಾಡ್ರಿ," ಎಂದಳು ಮುದುಕಿ. "ನಡಸ್ಕೊಂಡು ಬರ್ರಿ. ಇದ ದಾರಿಲೆ. ಮಂದಿ ಎದ್ದಿರೂ ಹೊತ್ತಿನ್ಯಾಗ."

ಹೂಂ ಎಂದ ಬೀರಲಿಂಗಪ್ಪ. ಪಾರಾಗಲು ಅಂದ ಮಾತು ಅದು. ಆದರೆ ಅಗಸಿ ಕಟ್ಟೆಯ ಮೇಲೆ ಕೂತವರೆಲ್ಲ ಕೇಳಿಸಿಕೊಂಡಿದ್ದರು. ಅವರ ನಡುವೆ ರಾಚಪ್ಪನೂ ಇದ್ದ. ಬಟ್ಟೆ ಒಯ್ಯಲೆಂದು ಆಸ್ಪತ್ರೆಯಿಂದ ಬಂದಿದ್ದ. ಮೌಲಾಸಾಬನನ್ನು ಹುನಗುಂದದ ನ್ಯಾಯಾಲಯಕ್ಕೆ ಹಾಜರುಪಡಿಸಿ, ನ್ಯಾಯಾಂಗ ಬಂಧನಕ್ಕೆ ಒಪ್ಪಿಸಲಾಯಿತು.

ಮರುದಿನ ಚೇತನಾ ಫೋನು ಮಾಡಿದಳು. ನಮಸ್ಕಾರವನ್ನೂ ಹೇಳಲಿಲ್ಲ.

"ಮಾತಾಡಬೇಕು ಅಂತ ಬರದಿದ್ನಲ್ರಿ ಸರ. ನೀವು ಚಿತ್ರ ನೋಡಿ ಮನಷ್ಯಾನ್ನ ಹಿಡದ್ರಿ?"

ಮಧ್ಯಾಹ್ನ ಬೀರಲಿಂಗಪ್ಪ ಮತ್ತು ಹನಮಂತಪ್ಪ ಬಾಗಲಕೋಟೆಯಲ್ಲಿದ್ದರು. ಚೇತನಾ ಇಳಕಲ್ಲಿನ ನೇಕಾರರ ಮನೆಯವಳು, ಇಪ್ಪತ್ತಾರರ ತೆಳ್ಳನೆಯ ಹುಡುಗಿ. ಮಾತಾಡುವಾಗ ಕಿಟಕಿಯಾಚೆಯ ಏನನ್ನೋ ನೋಡುತ್ತಿದ್ದಳು. ಕಂಪ್ಯೂಟರಿನ ಪರದೆಯ ಮೇಲೆ ಅದೇ ಚಿತ್ರ ತೆರೆದಿತ್ತು.

"ಅಡ್ಡ ಸಾಲು ಒಂದೊಂದು ಬಾಟ್ಲಿ. ಉದ್ದ ಸಾಲು ನೀರಿನಾಗಿನ ಒಂದೊಂದು ಅಂಶ. ಕಡಿಮಿ ಇದ್ರ ಹಳದಿ, ಹೆಚ್ಚಿದ್ರ ಕಡುಗೆಂಪು. ಇದಕ್ಕ ಹೀಟ್‌ಮ್ಯಾಪ್ ಅಂತೇವಿ."

"ಎಡಕ್ಕಿನ ಗೆರಿ?"

"ಡೆಂಡ್ರೋಗ್ರಾಂ. ಮರ ಅಂತ ತಿಳೀರಿ, ಅಡ್ಡ ಮಲಗಿದ ಮರ. ಎಲ್ಲಕ್ಕಿಂತ ಒಂದ ಥರ ಇರೂ ಎರಡು ಬಾಟ್ಲಿ ಮೊದಲು ಕೂಡ್ತಾವ, ಗಿಡ್ಡ ಗೆರಿ. ಆ ಜೋಡಿಗಿ ಹತ್ತಿರದ್ದು ಆಮ್ಯಾಲ ಬಂದು ಕೂಡತೈತಿ. ಸಂಬಂಧ ದೂರಾದಂಗ ಗೆರಿ ಉದ್ದ. ಕಡೀಕ ಬೊಡ್ಡಿಗಿ ಬಂದು ಎಲ್ಲಾವೂ ಕೂಡಬೇಕ, ಇಲ್ಲಂದ್ರ ಮರಾನ ಆಗಂಗಿಲ್ಲ."

"ಟಾಕಿ ಪಕ್ಕಕ್ಕ ಮೌಲಾಸಾಬ ಅದಾನಲ್ಲವ್ವಾ."

"ಪಕ್ಕಕ್ಕ ಅದಾನ. ಕೂಡಿಲ್ಲ." ಅವಳು ಪರದೆಯತ್ತ ಕೈ ತೋರಿದಳು. "ಟಾಕಿ ಮ್ಯಾಲ ಬೆರಳಿಡ್ರಿ. ಇರುವಿ ಆಗ್ರಿ. ಗೆರಿ ಬಿಟ್ಟು ಜಿಗಿಯಂಗಿಲ್ಲ. ಮೌಲಾಸಾಬನ ಕಡೆ ನಡೀರಿ."

ಬೀರಲಿಂಗಪ್ಪನ ದಪ್ಪ ಬೆರಳು ಹೊರಟಿತು. ಟಾಕಿಯಿಂದ ಮೂರು ಕೊಡಗಳು ಕೂಡುವ ಕವಲು ಹತ್ತಿರದಲ್ಲೇ ಬಂತು. ಅಲ್ಲಿಂದ ಗೆರೆ ಉದ್ದಕ್ಕೆ ಹೊರಟಿತು. ಯಾವ ಕವಲೂ ಇಲ್ಲ. ಬೆರಳು ಪರದೆಯ ಎಡತುದಿಗೆ, ಬೊಡ್ಡೆಗೇ ಬಂದು ನಿಂತಿತು. ಅಲ್ಲಿಂದ ತಿರುಗಿ ಅಷ್ಟೂ ದೂರ ನಡೆದ ಮೇಲೆ ಬಣ್ಣದ ಮನೆಗಳ ಟೊಂಗೆ, ಅದರ ತುದಿಯಲ್ಲಿ ಮೌಲಾಸಾಬ. ಕಮತಗಿ, ಇಳಕಲ್ಲಿನ ಭಟ್ಟಿಗಳ ಜೊತೆ ತಣ್ಣಗೆ ಕೂತಿದ್ದ.

"ಮತ್ತ ಯಾಕ ಇಬ್ಬರನ್ನೂ ಒತ್ತಿ ಕೂಡ್ರಿಸೀರಿ?"

"ಕಂಪ್ಯೂಟರಿಗಿ ಹೆಂಗಾರ ಒಂದು ಸಾಲು ಮಾಡಬೇಕಲ್ರಿ. ಕವಲು ಅನ್ನೂದು ತೊಟ್ಟಲಕ್ಕ ಕಟ್ಟಿದ ಗಿಳಿ ಇದ್ದಂಗ, ಎತ್ಲಾಗ ಬೇಕಾದ್ರೂ ತಿರಗತೈತಿ." ಅವಳು ಏನೋ ಒತ್ತಿದಳು. ಗೆರೆಗಳೆಲ್ಲ ಅಷ್ಟೇ ಉದ್ದ ಉಳಿದು, ಟೊಂಗೆ ಮಾತ್ರ ಮಗುಚಿತು. ಟಾಕಿಯ ಬಳಗದ ಪಕ್ಕಕ್ಕೆ ಈಗ ಕಲ್ಲು ಪಾಲಿಶ್ ಶೆಡ್ಡು ಬಂದು ಕೂತಿತ್ತು. "ಜೀಪು ಕಳಸ್ತೀರೇನ್ರಿ ಅಲ್ಲಿಗೂ?"

ಹನಮಂತಪ್ಪ ಕೆಮ್ಮಿದ. ಹುನಗುಂದದ ಕಟಕಟೆಯಲ್ಲಿ ಬಣ್ಣದ ಕೈ ಮುಚ್ಚಿಟ್ಟುಕೊಳ್ಳಲು ಜಾಗ ಸಿಗದೆ ನಿಂತಿದ್ದವನು ಬೀರಲಿಂಗಪ್ಪನ ಕಣ್ಣ ಮುಂದೆ ಬಂದ.

"ಹಂಗಾರ ನಮ್ಮ ಮನಷ್ಯಾ ಯಾವ ಟೊಂಗಿ ಮ್ಯಾಲ ಅದಾನ?"

"ಈ ಮರದಾಗ ಇಲ್ಲ. ಅವನ ಬಾಟ್ಲಿ ನೀವು ತುಂಬೇ ಇಲ್ಲ." ಚೇತನಾ ಟಾಕಿಯ ಸಾಲಿನ ಮೂರು ಚೌಕಗಳನ್ನು ತೋರಿಸಿದಳು, ಕಡುಗೆಂಪು. "ಮ್ಯಾಂಗನೀಸ್, ಸತುವು, ಗಂಧಕ. ಯಾವ ಭಟ್ಟಿಯಾಗೂ ಇವು ಮೂರೂ ಕೂಡಿ ಹೆಚ್ಚಿಲ್ಲ. ಭಟ್ಟಿ ನೀರಿನಾಗ ಉಪ್ಪು, ಕ್ರೋಮಿಯಂ ಅದಾವ. ಇದು ಬೂಸ್ಟು ಹಿಡೀದಂಗ ಬೆಳಿಗಿ, ಬೀಜಕ್ಕ ಹಚ್ಚೂ ಔಷಧ ಇರಬೇಕು."

"ಮತ್ತ ಕೆಂಪು?"

ಉತ್ತರ ಕೊಟ್ಟವನು ಹನಮಂತಪ್ಪ. "ಸಜ್ಜಿ ಬೀಜರಿ ಸರ. ಅಂಗಡ್ಯಾಗ ಕೊಡೂ ಬೀಜ ಗುಲಾಬಿ ಬಣ್ಣ ಇರ್ತಾವಲ್ರಿ, ಯಾರೂ ತಿನಬಾರ್ದಂತ. ನಮ್ಮ ಮನ್ಯಾಗ ಕೈ ತೊಳಕೊಂಡ್ರ ಬಚ್ಚಲಾ ಎಲ್ಲಾ ಓಕಳಿ."

ತನಿಖೆ ಮತ್ತೆ ಮೊದಲಿನಿಂದ, ಟಾಕಿಗೆ ನೀರೆತ್ತುವ ಬೋರಿನ ಸುತ್ತಮುತ್ತಲಿಂದ ಶುರುವಾಯಿತು. ಊರ ಬೋರಿಗೆ ಮೇಲ್ಗಡೆ, ಕಲ್ಲುಗುಡ್ಡದ ಸೆರಗಿನಲ್ಲಿ ಒಂದು ಮುರುಕು ಗುಡಿ, ಅದರ ಹಿಂದೆ ಯಾರೂ ಸೇದದ ಬಾವಿ. ಐಹೊಳೆಯ ಗುಡಿಗಳ ಕಾಲದ್ದು ಅನ್ನುತ್ತಾರೆ. ಅದಕ್ಕೆ ಅಷ್ಟು ಗೌರವ ಮಾತ್ರ ಉಳಿದಿತ್ತು. ನೀರಿನ ಮೇಲೆ ಗುಲಾಬಿ ಬಣ್ಣದ ಕೆನೆ ಕಟ್ಟಿತ್ತು. ಹನಮಂತಪ್ಪ ಹಗ್ಗಕ್ಕೆ ಕೊಕ್ಕೆಗಳ ಪಾತಾಳಗರಡಿ ಕಟ್ಟಿ ಬಿಟ್ಟು ತಡಕಾಡಿದಾಗ ಊದಿಕೊಂಡ ಒಂದು ಚೀಲ ಮೇಲೆ ಬಂತು. ಬಾಯಿ ಬಿಚ್ಚಿದರೆ ಕೊಳೆತ ಸಜ್ಜೆ. ಬಾವಿಯ ಗೋಡೆಯ ಬಿರುಕುಗಳು ಬೋರಿನ ದಿಕ್ಕಿಗೇ ಇಳಿದಿದ್ದವು. ಪಂಚನಾಮೆ ಆಯಿತು.

ಆದರೆ ಅಂಥ ಚೀಲ ಊರಲ್ಲಿ ಯಾರ ಮನೆಯಲ್ಲಿಲ್ಲ? ಬೀರಲಿಂಗಪ್ಪ ಈ ಸಲ ಯಾರ ಮೇಲೂ ಸಂಶಯ ಬರೆಯಲಿಲ್ಲ. ಸಜ್ಜೆ ಬಿತ್ತುವ ಪ್ರತಿ ಮನೆಯಿಂದ ಬೀಜವಿಟ್ಟ ಪಾತ್ರೆಯ ತೊಳೆದ ನೀರು ಬಾಟಲಿಗೆ ತುಂಬಿಸಿದ. ಕಮತಗಿಯ ಬೀಜದಂಗಡಿಗಳಿಂದಲೂ ತರಿಸಿದ. ದೂರು ಕೊಟ್ಟವನ ಮನೆಯನ್ನೂ ಬಿಡಲಿಲ್ಲ. ರಾಚಪ್ಪ ಆಸ್ಪತ್ರೆಯಲ್ಲಿದ್ದ. ಅವನ ಹೆಂಡತಿ ಗುರುಲಿಂಗವ್ವ ಮೂಲೆಯ ಮಣ್ಣಿನ ಹರವಿ ತೋರಿಸಿದಳು.

"ಹರವಿ ತೊಳದಿಲ್ಲ ನೋಡ್ರಿ. ತೊಳೀ ತೊಳೀ ಅಂತ ನಮ್ಮ ಮನಿಯವರು ಗಂಟು ಬಿದ್ದಿದ್ರು. ಕೂಸಿನ ಚಿಂತ್ಯಾಗ ನನಗೆಲ್ಲಿ ಹೊತ್ತು?"

ಜೂನ್ ಇಪ್ಪತ್ನಾಲ್ಕು. ಎರಡನೆಯ ಚಿತ್ರ ಫೋನಿಗೆ ಬರಲಿಲ್ಲ. ಚೇತನಾ ಅದನ್ನು ಕಾಗದದ ಮೇಲೆ ತೆಗೆಸಿ ಮೇಜಿನ ಮೇಲೆ ಹಾಸಿದ್ದಳು. ಬಲಬದಿಯ ಹೆಸರುಗಳ ಮೇಲೆ ಬಿಳಿ ಪಟ್ಟಿಯೊಂದನ್ನು ಮುಚ್ಚಿದ್ದಳು.

"ಹೆಸರು ಆಮ್ಯಾಲ ಓದ್ರಿ ಸರ. ಮೊದಲು ನಡೀರಿ. ಟಾಕಿ ಇದು."

ಬೆರಳು ಹೊರಟಿತು. ಟಾಕಿ, ಕೊಡಗಳು ಮೊದಲಿನಂತೆಯೇ ಕೂಡಿದವು. ಮುಂದೆ ಸ್ವಲ್ಪವೇ ದೂರದಲ್ಲಿ ಹಾಳುಬಾವಿ ಬಂದು ಸೇರಿತು. ಬೀಜದ ಮನೆಗಳದ್ದು ಬೇರೆ ಒಂದು ದೊಡ್ಡ ಟೊಂಗೆ. ಅಂಗಡಿಗಳೂ ಅವೂ ಒಂದೇ ಬಳಗ. ಆದರೆ ಅವುಗಳಿಂದ ಬೇರೆಯಾಗಿ, ಬಾವಿಯ ಕವಲಿಗೇ ಅಂಟಿಕೊಂಡಂತೆ, ಒಂದು ಗಿಡ್ಡ ಗೆರೆ. ಬೆರಳು ಅದರ ಮೇಲೆ ನಡೆದು ಬಿಳಿ ಪಟ್ಟಿಯ ಅಂಚಿಗೆ ಮುಟ್ಟಿತು.

"ಇದೊಂದ ಯಾಕ ಅಂಗಡಿಯವರ ಟೊಂಗಿಗಿಲ್ಲ?"

"ಅಂಗಡಿ ಔಷಧದ ಮ್ಯಾಲ ಇವರು ಮನ್ಯಾಗ ಮತ್ತೊಂದು ಪುಡಿ ಕಲಿಸ್ಯಾರ, ಭಾಳ ಕಲಿಸ್ಯಾರ. ಮ್ಯಾಂಗನೀಸ್ ಚೌಕ ನೋಡ್ರಿ, ಕರ್ರಗಾಗೇತಿ. ಬಾವಿದೂ ಹಂಗ ಐತಿ."

"ಖಾತ್ರಿ?"

"ಮರ ಸಂಬಂಧ ಹೇಳತೈತಿ ಸರ, ಗುನ್ನೆ ಹೇಳಂಗಿಲ್ಲ. ಅದನ್ನ ನೀವು ಕೇಳಬೇಕು." ಅವಳು ಪಟ್ಟಿ ತೆಗೆಯಲಿಲ್ಲ. ಅವನೇ ತೆಗೆಯಲೆಂದು ಕೈ ಹಿಂದಕ್ಕೆಳೆದುಕೊಂಡಳು.

ಬೀರಲಿಂಗಪ್ಪ ಪಟ್ಟಿ ಸರಿಸಿದ. ಹೆಸರು ಓದಿ ಕುರ್ಚಿ ಎಳೆದು ಕೂತ. "ಎಪ್ಪಾ," ಎಂದಷ್ಟೇ ಅಂದ ಹನಮಂತಪ್ಪ.

ಆಸ್ಪತ್ರೆ ಅಲ್ಲಿಂದ ಎರಡು ಓಣಿಯಾಚೆ. ಹುಡುಗಿ ಎರಡು ದಿನದ ಹಿಂದೆ ಕಣ್ಣು ಬಿಟ್ಟಿದ್ದಳು. ಮೂತ್ರಪಿಂಡ ನಿಧಾನಕ್ಕೆ ಕೆಲಸಕ್ಕೆ ಮರಳುತ್ತಿತ್ತು. ರಾಚಪ್ಪ ವರಾಂಡದ ಬೆಂಚಿನ ಮೇಲೆ ಎಳನೀರಿನ ಬುರುಡೆ ಹಿಡಿದು ಕೂತಿದ್ದ. ಒಳಗೆ ಅವನ ಮಗಳು ಕೂಸಿನ ಹಣೆ ಸವರುತ್ತಿರುವುದು ಬಾಗಿಲ ಸಂದಿಯಿಂದ ಕಾಣುತ್ತಿತ್ತು.

"ಹರವ್ಯಾಗ ಎಷ್ಟು ವರ್ಷದ ಸಜ್ಜಿ ಇತ್ತು?"

ರಾಚಪ್ಪ ಬುರುಡೆಯನ್ನು ಬೆಂಚಿನ ಕೆಳಗೆ ಇಟ್ಟ.

"ಬಾವಿ ಚೀಲ ಸಿಕ್ಕೈತಿ. ಔಷಧಾನೂ ಕೂಡೇತಿ. ಹೇಳ್ರಿ."

"ಎರಡು ವರ್ಷದ್ದು. ಹುಳಾ ಹಿಡೀತಾವಂತ ಮತ್ತಷ್ಟು ಪುಡಿ ಕಲಿಸಿದ್ದೆ."

"ಬಾವಿಗಿ ಯಾಕ ಹಾಕಿದ್ರಿ?"

"ಕೂಸು ಬಣ್ಣದ ಕಾಳು ಅಂತ ತಗೊಂಡು ಆಡಾಕತ್ತಿತ್ತು. ಎರಡು ಕೋಳಿ ತಿಂದು ಸತ್ತುವು. ನಾಳಿ ಕೂಸು ಬಾಯಿಗಿ ಹಾಕ್ಕೊಂಡ್ರ ಅಂತ ನನ್ನ ಎದಿ ಹಾರಿತ್ರಿ."

"ಸುಡಬೇಕಿತ್ತು. ಹುಗೀಬೇಕಿತ್ತು."

ರಾಚಪ್ಪ ಆಗ ಮೊದಲ ಬಾರಿಗೆ ತಲೆಯೆತ್ತಿದ. "ಬೀಜ ಯಾರಾರ ಸುಡ್ತಾರೇನ್ರಿ ಸಾಹೇಬ್ರ? ಅದು ಲಕ್ಷ್ಮಿ. ಬ್ಯಾಡಾದ ಬೀಜ ನೀರಿಗಿ ಬಿಡೂದು ನಮ್ಮ ಮನೆತನದ ಪದ್ಧತಿ. ನಮ್ಮಪ್ಪ ಹೊಳಿಗಿ ಬಿಡ್ತಿದ್ದ. ಹುಣ್ಣಿವಿ ಇನ್ನೊಂದು ವಾರ ಇತ್ತು, ಹೊಸಾ ಬೀಜ ಮನಿ ಹೊಗಬೇಕು; ಹೊಳ್ಯಾಗ ನೀರಿರಲಿಲ್ಲ. ಯಾರೂ ಕುಡೀದ ಬಾವಿ ಅಂತ ಬಿಟ್ಟೆ. ಅರಿಸಿನಾ ಕುಂಕುಮ ಹಾಕಿ ಕೈ ಮುಗುದು ಬಿಟ್ಟೆ."

"ದೂರು ಕೊಡುವಾಗ ಗೊತ್ತಿತ್ತು?"

"ಇಲ್ಲರಿ. ಆಣಿ. ಬಣ್ಣಾನ ಅಂತ ತಿಳಿದಿದ್ದೆ."

"ಯಾವಾಗ ಗೊತ್ತಾತು?"

"ಮೌಲಾನ್ನ ಜೀಪಿಗಿ ಹತ್ತಿಸಿದ ದಿನ. ಸಂಜಿಮುಂದ ಬಾವಿ ಕಡೆ ಹೋದೆ. ನೀವು ಬೋರಿನ ಪಂಪು ಬಂದ್ ಮಾಡಿಸಿದ್ರಿ. ಬಾವಿ ನೀರು ನಾಲ್ಕು ಮೆಟ್ಟಿಲಾ ಏರಿತ್ತು. ಎರಡೂ ಒಂದ ನೀರು ಅಂತ ಆಗ ತಿಳೀತು."

"ಅವತ್ತ ಬಂದು ಹೇಳಿದ್ರ ಅಂವ ಜೇಲಿನ್ಯಾಗ ಇರ್ತಿರಲಿಲ್ಲ."

ಒಳಗೆ ಹುಡುಗಿ ಏನೋ ಕೇಳಿತು. ತಾಯಿ "ಅಜ್ಜ ಹೊರಗ ಅದಾನ, ಬರ್ತಾನ" ಎಂದಳು. ರಾಚಪ್ಪ ದನಿ ತಗ್ಗಿಸಿದ.

"ಇಲ್ಲಿಗಿ ಬಂದ ಮೊದಲನೇ ದಿನ ನನ್ನ ಮಗಳು ಈ ಕೈ ಹಿಡಕೊಂಡು ಅಂದ್ಲರಿ, ಎಪ್ಪಾ, ನನ್ನ ಕೂಸಿಗಿ ವಿಷಾ ಹಾಕಿದವನ ಕೈ ಸೇದಿಹೋಗ್ಲಿ ಅಂತ. ಈ ಕೈನ ಹಿಡಕೊಂಡಿದ್ಲು. ಮೌಲಾ ಇಂದಿಲ್ಲ ನಾಳೆ ಬಿಡುಗಡಿ ಆಗಿ ಬರ್ತಾನ, ಖರೇ ಹೇಳಿದ್ರ ಈಕಿ ಮತ್ತ ನನ್ನ ಕೈ ಹಿಡೀತಾಳೇನು ಅಂತ ದಿನಾ ನನಗ ನಾನ ಹೇಳ್ಕೊಂಡೆ."

ಬೀರಲಿಂಗಪ್ಪ ಮಧ್ಯಾಹ್ನ ಎರಡೂ ಇಪ್ಪತ್ತಕ್ಕೆ ಬಂಧನ ಬರೆದುಕೊಂಡ. ಮಗಳಿಗೆ ತಿಳಿಸಬೇಕಾದುದು ಕಾನೂನು. ಅವನು ಬಾಯಿ ತೆರೆಯುವ ಮೊದಲೇ ರಾಚಪ್ಪ ಬಾಗಿಲಲ್ಲಿ ನಿಂತು ತಾನೇ ಹೇಳಿದ. ಅವಳು ಕೂಗಾಡಲಿಲ್ಲ. ಕೂಸಿನ ಹಣೆಯ ಮೇಲಿದ್ದ ತನ್ನ ಕೈಯನ್ನು ಹಾಗೇ ಇಟ್ಟು, ಅಪ್ಪನನ್ನು ನೋಡುತ್ತ ಕೂತಳು. ಅಷ್ಟು ಹೊತ್ತು ಒಬ್ಬರು ಇನ್ನೊಬ್ಬರನ್ನು ನೋಡುವುದನ್ನು ಹನಮಂತಪ್ಪ ಇಪ್ಪತ್ತು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ. ರಾಚಪ್ಪ ಜೀಪು ಹತ್ತುವಾಗ ತನ್ನ ಬಲಗೈಯನ್ನು ಟವೆಲಿನಲ್ಲಿ ಸುತ್ತಿಕೊಂಡಿದ್ದ.

ಮೌಲಾಸಾಬನ ವಿರುದ್ಧ ಸಾಕ್ಷ್ಯವಿಲ್ಲವೆಂದು, ಬಂಧಿಸಿದ್ದು ತನಿಖಾಧಿಕಾರಿಯ ಅವಸರವೆಂದು ಬೀರಲಿಂಗಪ್ಪ ನ್ಯಾಯಾಲಯಕ್ಕೆ ವರದಿ ಸಲ್ಲಿಸಿದ. ಅವಸರದ ಮಾತು ಬರೆಯುವ ಅಗತ್ಯವಿರಲಿಲ್ಲ, ತೆಗೆಯಿರಿ ಸರ ಎಂದ ಹನಮಂತಪ್ಪ. ಬೀರಲಿಂಗಪ್ಪ ತೆಗೆಯಲಿಲ್ಲ.

ಬಿಡುಗಡೆಯಾದ ದಿನ ಸಂತೆ. ಅಗಸಿಯ ಹೊರಗೆ ಜೀಪು ನಿಂತಿತು. ಮೌಲಾಸಾಬ ಇಳಿದ. ಇಷ್ಟು ದಿನದಲ್ಲಿ ಅವನ ಕೈಯ ಬಣ್ಣ ಅರ್ಧಕ್ಕರ್ಧ ಮಾಸಿತ್ತು. ಅವನೇ ಅದನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

"ಇಲ್ಲಿಂದ ನಾ ಹೋಗ್ತೇನ್ರಿ ಸಾಹೇಬ್ರ."

"ನಡಿ. ನಾನೂ ಬರ್ತೇನಿ."

ಸಮವಸ್ತ್ರದ ಟೊಪ್ಪಿಗೆ ಕೈಯಲ್ಲಿ ಹಿಡಿದು ಬೀರಲಿಂಗಪ್ಪ ಅವನ ಪಕ್ಕದಲ್ಲಿ ನಡೆದ. ಹಿಂದೆ ಅಲ್ಲ, ಮುಂದೆಯೂ ಅಲ್ಲ. ಕಟ್ಟೆಯ ಮೇಲಿನ ಮಾತು ನಿಂತಿತು. ಬದನೆಕಾಯಿ ತೂಗುತ್ತಿದ್ದವಳು ತಕ್ಕಡಿ ಹಿಡಿದುಕೊಂಡೇ ಉಳಿದಳು.

"ಏನ್ರಿ ಸಾಹೇಬ್ರ, ಬಿಟ್ರ್ಯಾ?" ಎಂದು ಯಾರೋ ಕೇಳಿದರು.

"ಬಿಟ್ಟಿದ್ದಲ್ಲ," ಎಂದ ಬೀರಲಿಂಗಪ್ಪ ಎಲ್ಲರಿಗೂ ಕೇಳುವಂತೆ. "ಹಿಡಿದಿದ್ದ ತಪ್ಪು. ತಪ್ಪು ನಂದು."

ಅಗಸಿಯಿಂದ ಭಟ್ಟಿಯವರೆಗೆ ದಾರಿ ಜೀಪಿನಲ್ಲಿ ಒಂದು ಉಸಿರಿನದು. ನಡೆದರೆ ಬಹಳ ಉದ್ದ. ಪ್ರತಿ ಬಾಗಿಲಲ್ಲೂ ಒಂದು ಮುಖವಿತ್ತು.

ಹಜರತಬಿ ಹೊಸ್ತಿಲಲ್ಲಿ ನಿಂತಿದ್ದಳು. ಮಗನ ಗದ್ದ ಹಿಡಿದು ನೋಡಿ ಒಳಗೆ ಬಿಟ್ಟುಕೊಂಡಳು. ಒಳಗೆ ಹೋಗಿ ತಂಬಿಗೆ ತುಂಬ ನೀರು ತಂದು ಕಟ್ಟೆಯ ಮೇಲಿಟ್ಟಳು. ಓಣಿ ನೋಡುತ್ತ ನಿಂತಿತು.

ಬೀರಲಿಂಗಪ್ಪ ತಂಬಿಗೆ ಎತ್ತಿ, ತಳ ಕಾಣುವವರೆಗೂ ಕುಡಿದು, ಖಾಲಿ ತಂಬಿಗೆಯನ್ನು ಅವಳ ಕೈಗೆ ಕೊಟ್ಟ.